ನಮ್ಮ ದೇಶದ ಅತಿ ದೊಡ್ಡ ರಾಕ್ ಬ್ಯಾಂಡ್ ಯಾವುದು? ಫೆಸ್ಟ್‌ನಲ್ಲಿ ಯಾರ ಹಾಡು ನುಡಿಸಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಐದು ಜನ ಸೇರಿ ಬ್ಯಾಂಡ್ ಕಟ್ಟಿದ್ದೇವೆ. ಎರಡು ಗಿಟಾರ್, ಒಂದು ಬೇಸ್ ಗಿಟಾರ್, ಡ್ರಮ್ಸ್, ಹಾಡೋಕೆ ಒಬ್ಬ. ಇಷ್ಟು ದಿನ ಬರೀ ಇಂಗ್ಲಿಷ್ ಹಾಡು ನುಡಿಸಿದ್ದೇವೆ. ಭಾರತದ ಬ್ಯಾಂಡ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು? ಕಾಲೇಜು ಫೆಸ್ಟ್‌ಗೆ ಯಾರ ಹಾಡು ತೆಗೆದುಕೊಂಡರೆ ಒಳ್ಳೆಯದು?

ಉತ್ತರ: ಒಂದೇ ಹೆಸರು ಹೇಳಬೇಕೆಂದರೆ ಇಂಡಿಯನ್ ಓಷನ್. 1990ರಲ್ಲಿ ದೆಹಲಿಯಲ್ಲಿ ಹುಟ್ಟಿದ ಬ್ಯಾಂಡ್ ಇದು. ಗಿಟಾರ್‌ಗೆ ಸುಸ್ಮಿತ್ ಸೇನ್, ತಬಲಾ ಮತ್ತು ಹಾಡಿಗೆ ಅಶೀಂ ಚಕ್ರವರ್ತಿ, ಬೇಸ್‌ಗೆ ರಾಹುಲ್ ರಾಮ್, ಡ್ರಮ್ಸ್‌ಗೆ ಅಮಿತ್ ಕಿಲಂ. ಈ ನಾಲ್ವರು ಕೂಡಿದ ಮೇಲೆ ಬಂದ ‘ಡೆಸರ್ಟ್ ರೇನ್’ (1997) ಮತ್ತು ‘ಕಂದೀಸಾ’ (2000) ಆಲ್ಬಮ್‌ಗಳನ್ನು ಮೊದಲು ಕೇಳಿ. ‘ಡೆಸರ್ಟ್ ರೇನ್’ ಸ್ಟುಡಿಯೋದಲ್ಲಿ ಮಾಡಿದ್ದಲ್ಲ, ಕಾರ್ಯಕ್ರಮ ನಡೆಯುವಾಗಲೇ ಹಿಡಿದ ಧ್ವನಿಮುದ್ರಣ. ನಿಮ್ಮಂಥ ಹೊಸ ಬ್ಯಾಂಡ್‌ಗೆ ಅದು ಒಳ್ಳೆಯ ಪಾಠ.

ಅವರನ್ನು ಮೊದಲ ಜಾಗದಲ್ಲಿ ಕೂರಿಸಲು ಕಾರಣ ಜನಪ್ರಿಯತೆಯಲ್ಲ. ಹಾಡಿನ ಮೂಳೆಯೇ ಇಲ್ಲಿಯದು ಎನ್ನುವುದು ಕಾರಣ. ಸುಸ್ಮಿತ್ ಸೇನ್ ಡಿಸ್ಟಾರ್ಷನ್ (ಗಿಟಾರಿನ ದನಿಯನ್ನು ಒಡೆದು ಒರಟಾಗಿಸುವುದು) ಹಾಕಿ, ಹಲವು ತಂತಿಗಳನ್ನು ಒಟ್ಟಿಗೆ ಮೀಟುವ ಕಾರ್ಡ್ ಬಡಿಯುವುದಿಲ್ಲ, ಸ್ವರಗಳನ್ನು ಒಂದೊಂದಾಗಿ ಮೀಟುತ್ತಾ ಹೋಗುತ್ತಾರೆ. ಡ್ರಮ್ಸ್ ಮತ್ತು ತಬಲಾ ಒಂದರ ಮೇಲೊಂದು ಬೀಳದೆ ಜಾಗ ಹಂಚಿಕೊಳ್ಳುತ್ತವೆ. ಅಮಿತ್ ಕಿಲಂ ನುಡಿಸುವ ಗಬ್‌ಗುಬಿ ನಮ್ಮ ಎಲ್ಲಮ್ಮನ ಚೌಡಿಕೆಗೆ ದಾಯಾದಿ: ಚರ್ಮಕ್ಕೆ ಕಟ್ಟಿದ ತಂತಿಯನ್ನು ಎಳೆದು ಸಡಿಲಿಸಿ ಸ್ವರ ಹೊರಡಿಸುವ ವಾದ್ಯ. ‘ಕಂದೀಸಾ’ ಹಾಡಿನ ಸಾಹಿತ್ಯ ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆಯದು, ಭಾಷೆ ಅರಾಮಿಕ್. ಹೆಡ್‌ಫೋನ್ ಹಾಕಿಕೊಂಡು ಕೇಳಿ. ದನಿ ನಿಧಾನಕ್ಕೆ ಏಳುತ್ತದೆ, ತಾಳ ಅವಸರ ಮಾಡುವುದಿಲ್ಲ, ಬ್ಯಾಂಡ್ ತನ್ನ ಪೂರ್ತಿ ಶಕ್ತಿಯನ್ನು ಕೊನೆಯವರೆಗೂ ಕೈಯಲ್ಲೇ ಹಿಡಿದಿಟ್ಟುಕೊಂಡಿರುತ್ತದೆ. ಕಾಲೇಜು ಬ್ಯಾಂಡ್‌ಗಳು ಮೊದಲ ನಿಮಿಷದಲ್ಲೇ ಎಲ್ಲವನ್ನೂ ಸುರಿದುಬಿಡುತ್ತವೆ, ಆಮೇಲೆ ಹಾಡು ಏರಲು ಜಾಗವೇ ಇರುವುದಿಲ್ಲ. ಅಶೀಂ 2009ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಸುಸ್ಮಿತ್ 2013ರಲ್ಲಿ ಹೊರಬಂದರು. ಬ್ಯಾಂಡ್ ಇಂದಿಗೂ ನಡೆದಿದೆ.

ಇವರಿಗಿಂತ ಹಿಂದೆ ಕೋಲ್ಕತ್ತದಲ್ಲಿ ಗೌತಮ್ ಚಟ್ಟೋಪಾಧ್ಯಾಯರ ಮೊಹೀನೇರ್ ಘೋಡಾಗುಲಿ ಇತ್ತು. 1977ರಿಂದ 79ರ ನಡುವೆ ಮೂರು ರೆಕಾರ್ಡ್ ತಂದು, ಬಂಗಾಳಿಯಲ್ಲಿ ರಾಕ್ ಹಾಡಬಹುದು ಎಂದು ತೋರಿಸಿತು. ಆಗ ಕೇಳುವವರು ಕಡಿಮೆ. 2006ರ ‘ಗ್ಯಾಂಗ್‌ಸ್ಟರ್’ ಸಿನಿಮಾದ ‘ಭೀಗಿ ಭೀಗಿ’ ನಿಮಗೆ ಗೊತ್ತಿರುತ್ತದೆ. ಅದರ ರಾಗ ಇವರ ‘ಪೃಥಿಬೀಟಾ ನಾಕಿ’ಯದು. ಮುಂಬೈನಲ್ಲಿ 1984ರಲ್ಲಿ ರಾಕ್ ಮಷೀನ್ ಎಂದು ಶುರುವಾಗಿ 1993ರಲ್ಲಿ ಇಂಡಸ್ ಕ್ರೀಡ್ ಆದ ಬ್ಯಾಂಡಿನಿಂದ ಕಲಿಯಬೇಕಾದದ್ದು ವೇದಿಕೆಯ ಅಚ್ಚುಕಟ್ಟು. ದೆಹಲಿಯ ಪರಿಕ್ರಮ 1991ರದು. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ಗಿಂತ ಮುಂಚೆ ನುಡಿಸಿತು. ಕೊಚ್ಚಿಯ ಮದರ್‌ಜೇನ್‌ನ ‘ಮಕ್ತೂಬ್’ (2008) ನಿಮ್ಮ ಲೀಡ್ ಗಿಟಾರಿನವರು ಕೇಳಲೇಬೇಕು. ಕರ್ನಾಟಕ ಸಂಗೀತದ ಗಮಕವನ್ನು ತಂತಿ ಎಳೆದು ಹೇಗೆ ತರಬಹುದು ಎಂದು ಬೈಜು ಧರ್ಮಜನ್ ಅದರಲ್ಲಿ ತೋರಿಸಿದ್ದಾರೆ. ಮೆಟಲ್ ಬೇಕೆಂದರೆ 2013ರಲ್ಲಿ ಜರ್ಮನಿಯ ವಾಕನ್ ಉತ್ಸವಕ್ಕೆ ಹೋಗಿಬಂದ ಬೆಂಗಳೂರಿನ ಕ್ರಿಪ್ಟೋಸ್ ಇದೆ, ಢೋಲು ಮತ್ತು ಕೊಳಲು ಸೇರಿಸಿಕೊಂಡ ದೆಹಲಿಯ ಬ್ಲಡಿವುಡ್ ಇದೆ.

ಆದರೆ ನಿಮ್ಮ ಫೆಸ್ಟ್‌ಗೆ ಮೊದಲ ಹಾಡು ಇವರ್ಯಾರದ್ದೂ ಬೇಡ. ಕನ್ನಡದಿಂದಲೇ ಶುರು ಮಾಡಿ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಷರೀಫರ ‘ಸೋರುತಿಹುದು ಮನಿಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೋ’ ಇವೆ. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ಬ್ಯಾಂಡಿನ ‘ಈ ಭೂಮಿ’ ಇನ್ನೊಂದು. ನಮ್ಮ ಕಡೆಯ ಜನಕ್ಕೆ ಷರೀಫರ ಪದ ಸಿ. ಅಶ್ವತ್ಥರ ದನಿಯಲ್ಲಿ ಬಾಯಿಪಾಠ ಆಗಿಹೋಗಿದೆ. ಪದ ಗೊತ್ತಿರುವ ಹಾಡಿಗೆ ಜನ ಎರಡನೇ ಸಾಲಿಗೇ ದನಿಗೂಡಿಸುತ್ತಾರೆ, ಆ ಬೆಂಬಲ ಇಂಗ್ಲಿಷ್ ಹಾಡಿಗೆ ಸಿಗುವುದಿಲ್ಲ.

ಶ್ರುತಿಯನ್ನು ಮೂಲ ಹಾಡಿನಿಂದ ತೆಗೆದುಕೊಳ್ಳಬೇಡಿ, ನಿಮ್ಮ ಗಾಯಕನಿಂದ ತೆಗೆದುಕೊಳ್ಳಿ. ಹಾಡಿನ ಅತಿ ಎತ್ತರದ ಸ್ವರವನ್ನು ಅವನು ಗಂಟಲು ಬಿಗಿಯದೆ ಹತ್ತು ಸಲ ಮುಟ್ಟಬೇಕು. ಆರನೇ ಸಲಕ್ಕೇ ದನಿ ಒಡೆದರೆ ಅರ್ಧ ಸ್ವರ ಇಳಿಸಿ, ಸಾಲದಿದ್ದರೆ ಇನ್ನೂ ಅರ್ಧ. ಅಭ್ಯಾಸದ ಕೋಣೆಯಲ್ಲಿ ಸಲೀಸಾಗಿ ಬರುವ ಸ್ವರ ವೇದಿಕೆಯ ಮೇಲೆ, ನಾಲ್ಕನೇ ಹಾಡಿನ ಹೊತ್ತಿಗೆ ಬರುವುದಿಲ್ಲ. ಕೋಣೆಯ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ದುಡ್ಡು ಕಳೆಯಬೇಡಿ. ಹಳೆಯ ಹತ್ತಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿದರೆ ಒಳಗಿನ ಮಾರ್ದನಿ ಚೆನ್ನಾಗಿ ತಗ್ಗುತ್ತದೆ. ಕಾಲಲ್ಲಿ ಬಡಿಯುವ ಕಿಕ್ ಡ್ರಮ್ಮಿನ ಗುದ್ದು ಮಾತ್ರ ಹಾಸಿಗೆಗೆ ನಿಲ್ಲದೆ ಪಕ್ಕದ ಮನೆಗೆ ಹೋಗಿಯೇ ಹೋಗುತ್ತದೆ, ಹಾಗಾಗಿ ಅಭ್ಯಾಸದ ಹೊತ್ತನ್ನು ಅವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಕಾರ್ಯಕ್ರಮದ ದಿನ ಕೆಡುವುದು ಹೆಚ್ಚಾಗಿ ಸೌಂಡ್ ವಿಷಯದಲ್ಲಿ. ಊರಿನ ಸೌಂಡ್ ಸಿಸ್ಟಮ್‌ನವರ ಕೈ ಪಳಗಿರುವುದು ಗಣೇಶನ ಹಬ್ಬದ ರಸಮಂಜರಿಗೆ, ದುಗ್ಗಮ್ಮನ ಜಾತ್ರೆಯ ಆರ್ಕೆಸ್ಟ್ರಾಗೆ. ಅಲ್ಲಿ ಕೀಬೋರ್ಡ್, ರಿದಮ್ ಪ್ಯಾಡ್ ಎಲ್ಲ ನೇರ ಮಿಕ್ಸರ್‌ಗೆ ಬರುತ್ತವೆ, ಹಾಡುವವರ ಮೈಕಿಗೆ ಎಕೋ ಜಾಸ್ತಿ ಇರುತ್ತದೆ. ರಾಕ್ ಬ್ಯಾಂಡಿಗೆ ಅದೇ ಎಕೋ ಇಟ್ಟರೆ ಪದ ಒಂದಕ್ಕೊಂದು ಅಂಟಿಕೊಂಡು ಗಂಜಿಯಾಗುತ್ತದೆ. ಹಿಂದಿನ ದಿನವೇ ಹೋಗಿ ಮಾತಾಡಿ: ಡ್ರಮ್ಸ್‌ಗೆ ಕಡಿಮೆಯೆಂದರೂ ನಾಲ್ಕು ಮೈಕ್ ಬೇಕು (ಕಿಕ್‌ಗೆ ಒಂದು, ಸ್ನೇರ್‌ಗೆ ಒಂದು, ತಲೆಯ ಮೇಲೆ ಎರಡು), ಹಾಡುವವನ ಮುಂದೆ ಮಾನಿಟರ್ (ಅವನ ದನಿ ಅವನಿಗೇ ಕೇಳಿಸುವ ಸ್ಪೀಕರ್) ಬೇಕು, ಎಕೋ ಬೇಡ. ಡಿಸ್ಟಾರ್ಷನ್ ಪೆಡಲಿನಿಂದ ಗಿಟಾರನ್ನು ನೇರ ಮಿಕ್ಸರ್‌ಗೆ ಚುಚ್ಚಬೇಡಿ. ಜೇನ್ನೊಣ ಡಬ್ಬಿಯಲ್ಲಿ ಸಿಕ್ಕ ಹಾಗೆ ಗುಂಯ್‌ಗುಡುತ್ತದೆ. ಕರ್ಕಶ ಭಾಗವನ್ನು ಸೋಸುವುದು ಆ್ಯಂಪಿನ ಸ್ಪೀಕರ್. ಹಾಗಾಗಿ ಆ್ಯಂಪಿನ ಮುಂದೆ ಮೈಕ್ ಇಡಿ, ಇಲ್ಲವೇ ಕ್ಯಾಬಿನೆಟ್ ಸಿಮ್ಯುಲೇಷನ್ (ಆ್ಯಂಪಿನ ಸ್ಪೀಕರನ್ನು ಅನುಕರಿಸುವ ಸೌಲಭ್ಯ) ಇರುವ ಪ್ರೊಸೆಸರ್ ಬಳಸಿ. ಸೌಂಡ್ ಚೆಕ್ ಕಿಕ್ಕಿನಿಂದ ಶುರುವಾಗಿ ಸ್ನೇರ್, ಬೇಸ್, ಗಿಟಾರ್, ಕೊನೆಗೆ ದನಿ. ದನಿ ಕೇಳಿಸದಿದ್ದರೆ ಮೈಕ್ ಏರಿಸುವ ಮೊದಲು ಗಿಟಾರ್ ಇಳಿಸಿ. ಮೈಕ್ ಏರಿಸುತ್ತಾ ಹೋದರೆ ಸ್ಪೀಕರ್ ಸೀಟಿ ಹೊಡೆಯುವುದು ಖಂಡಿತ.

ಸ್ಪೀಕರಿನಲ್ಲಿ ಗುಯ್ಯೆನ್ನುವ ಸದ್ದಿದ್ದರೆ ಅರ್ಥಿಂಗ್ ಸರಿಯಿಲ್ಲ ಎಂದೇ ಮೊದಲು ಶಂಕಿಸಿ. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವವರಿದ್ದಾರೆ. ಅದನ್ನು ಯಾರು ಹೇಳಿದರೂ ಮಾಡಬೇಡಿ. ಒಂದು ಕೈ ಗಿಟಾರಿನ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದರೆ ಕರೆಂಟ್ ಎದೆಯ ಮೂಲಕ ಹಾಯುತ್ತದೆ, ಜೀವ ಹೋಗಬಹುದು. ವಾದ್ಯವನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಬಾಕ್ಸಿನಲ್ಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ಚು ಇರುವುದೇ ಈ ಸದ್ದಿಗೆ. ವೇದಿಕೆಯ ಎಲ್ಲ ವಾದ್ಯಗಳಿಗೆ ಒಂದೇ ಬೋರ್ಡಿನಿಂದ ಕರೆಂಟ್ ತೆಗೆದುಕೊಂಡರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ನಮ್ಮ ಬಿಸಿಲಿನದೂ ಒಂದು ಮಾತಿದೆ. ಏಪ್ರಿಲ್‌ನ ದಾವಣಗೆರೆಯಲ್ಲಿ ಉಕ್ಕಿನ ತಂತಿ ಕಾದು ಹಿಗ್ಗಿ ಶ್ರುತಿ ಇಳಿಯುತ್ತದೆ. ಅದೇ ಒಣ ಸೆಖೆಗೆ ತಬಲಾದ, ಡೊಳ್ಳಿನ ಚರ್ಮ ಬಿಗಿದು ಶ್ರುತಿ ಏರುತ್ತದೆ. ಎರಡೂ ಒಂದೇ ವೇದಿಕೆಯಲ್ಲಿದ್ದರೆ ಒಂದು ಕೆಳಕ್ಕೆ, ಇನ್ನೊಂದು ಮೇಲಕ್ಕೆ. ವಾದ್ಯಗಳನ್ನು ಇಪ್ಪತ್ತು ನಿಮಿಷ ಮುಂಚೆ ವೇದಿಕೆಗೆ ತಂದಿಡಿ, ಅಲ್ಲಿಯ ಶಾಖಕ್ಕೆ ಹೊಂದಿಕೊಂಡ ಮೇಲೆ ಶ್ರುತಿ ಮಾಡಿ. ಮೊದಲು ತಬಲಾ, ಆಮೇಲೆ ಗಿಟಾರ್. ತಬಲಾ ಇದ್ದರೆ ಸೆಟ್ಟಿನ ಹಾಡುಗಳೆಲ್ಲ ಒಂದೇ ಶ್ರುತಿಯಲ್ಲಿರುವ ಹಾಗೆ ಜೋಡಿಸಿಕೊಳ್ಳಿ, ಇಲ್ಲದಿದ್ದರೆ ಹಾಡು ಹಾಡಿಗೂ ಸುತ್ತಿಗೆ ಹಿಡಿದು ಕೂರಬೇಕಾಗುತ್ತದೆ.

ಎರಡು ಮೂರು ಫೆಸ್ಟ್ ಆದ ಮೇಲೆ ಸ್ವಂತ ಹಾಡು ಮಾಡುವ ಆಸೆ ಬಂದೇ ಬರುತ್ತದೆ. ಆಗ ಚಿತ್ರದುರ್ಗದ ಕಡೆ ತಿರುಗಿ. ಚರ್ಮವಾದ್ಯ ಉರುಮೆ ಇದೆ, ಕಾಡುಗೊಲ್ಲರು ತಮ್ಮ ದೈವ ಜುಂಜಪ್ಪನ ಕಾವ್ಯ ಹಾಡುವಾಗ ನುಡಿಸುವ ಗಣೆ ಇದೆ. ಉದ್ದನೆಯ ಆ ಬಿದಿರ ಕೊಳಲಿನ ದನಿಯಲ್ಲಿ ಉಸಿರಿನ ಸದ್ದೂ ಬೆರೆತಿರುತ್ತದೆ. ಅದು ನಮ್ಮ ಪಾಲಿಗೆ ವಾದ್ಯ, ಅವರ ಪಾಲಿಗೆ ದೇವರದು. ಹಟ್ಟಿಗೆ ಹೋಗಿ ಹಿರಿಯರನ್ನು ಕೇಳಿ, ಅವರು ಒಪ್ಪಿದ್ದನ್ನಷ್ಟೇ ವೇದಿಕೆಗೆ ತನ್ನಿ. ನುಡಿಸಲು ಬಂದವರಿಗೆ ಸಂಭಾವನೆ ಕೊಡಿ, ಪೋಸ್ಟರಿನಲ್ಲಿ ಅವರ ಹೆಸರು ನಿಮ್ಮ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿರಲಿ.

ಗಣೆಯ ಶ್ರುತಿಯನ್ನು ಬದಲಿಸಲಾಗದು, ಬಿದಿರು ಕೊಯ್ದ ದಿನವೇ ಅದು ನಿಂತುಹೋಗಿರುತ್ತದೆ. ಗಿಟಾರಿನ ಶ್ರುತಿಗೆ ಆಧಾರವಾದ 440 ಹರ್ಟ್ಸ್‌ಗೆ ಅದು ಕೂಡಿಬರುವುದು ಅಪರೂಪ. ಆದ್ದರಿಂದ ಬ್ಯಾಂಡೇ ಗಣೆಗೆ ಹೊಂದಿಕೊಳ್ಳಬೇಕು. ಗಿಟಾರಿನ ತುದಿಗೆ ಸಿಕ್ಕಿಸುವ ಹಲವು ಕ್ಲಿಪ್ ಟ್ಯೂನರ್‌ಗಳಲ್ಲಿ ಆಧಾರ ಸ್ವರವನ್ನು 430ರಿಂದ 450 ಹರ್ಟ್ಸ್‌ವರೆಗೆ ಬದಲಿಸುವ ಗುಂಡಿ ಇರುತ್ತದೆ. ಗಣೆಯವರು ಒಂದು ಸ್ವರ ಉದ್ದಕ್ಕೆ ಹಿಡಿಯಲಿ, ಟ್ಯೂನರಿನ ಮುಳ್ಳು ನಡುವೆ ನಿಲ್ಲುವ ತನಕ ಆ ಸಂಖ್ಯೆಯನ್ನು ಸರಿಸಿ, ಐವರೂ ಅದೇ ಸಂಖ್ಯೆಗೆ ಶ್ರುತಿ ಮಾಡಿಕೊಳ್ಳಿ. ಅವರು ಎರಡು ಹಾಡು ನುಡಿಸಿ ಬಿದಿರು ಉಸಿರಿಗೆ ಬೆಚ್ಚಗಾದ ಮೇಲೆ ಅಳೆಯಿರಿ, ತಣ್ಣಗಿರುವಾಗ ಅಳೆದರೆ ವೇದಿಕೆಯ ಮೇಲೆ ಗಣೆ ನಿಮಗಿಂತ ಮೇಲಕ್ಕೆ ಹೋಗಿರುತ್ತದೆ.