ಟ್ರೆಂಡ್ಸ್‌ನಲ್ಲಿ ಕಡಲೆಕಾಯಿ ಪರಿಷೆ ಹುಡುಕುವುದು ಹೇಗೆ?

ಬಸವನಗುಡಿಯ ಕಡಲೆಕಾಯಿ ಪರಿಷೆಯ ವಿಡಿಯೊವನ್ನು ಯಾವಾಗ ಹಾಕಿದರೆ ಜನ ನೋಡುತ್ತಾರೆ? ಪರಿಷೆಗೆ ಎಷ್ಟು ದಿನ ಮುಂಚೆ ಜನ ಹುಡುಕಲು ಶುರು ಮಾಡುತ್ತಾರೆ ಎಂಬುದನ್ನು ಗೂಗಲ್ ಟ್ರೆಂಡ್ಸ್ ಎಂಬ ತಾಣ ಪುಕ್ಕಟೆಯಾಗಿ ತೋರಿಸುತ್ತದೆ. ಆದರೆ ಕೇಳುವ ರೀತಿ ತಪ್ಪಿದರೆ ಉತ್ತರವೂ ತಪ್ಪುತ್ತದೆ.

ಕನ್ನಡದ ಮಟ್ಟಿಗೆ ದೊಡ್ಡ ತೊಡಕು ಕಾಗುಣಿತದ್ದು. ಬೆಂಗಳೂರಿನಲ್ಲಿ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ಬಹಳ. ಒಬ್ಬರು ‘ಕಡಲೆಕಾಯಿ’ ಎಂದು ಹೊಡೆದರೆ ಇನ್ನೊಬ್ಬರು ‘ಕಡ್ಲೆಕಾಯಿ’ ಎನ್ನುತ್ತಾರೆ, ಮತ್ತೊಬ್ಬರು ‘ಗ್ರೌಂಡ್‌ನಟ್ ಫೇರ್’ ಎನ್ನುತ್ತಾರೆ. ಪದವಾಗಿ ಹುಡುಕಿದಾಗ ಟ್ರೆಂಡ್ಸ್ ಇವನ್ನು ತಾನಾಗಿ ಒಟ್ಟುಗೂಡಿಸುವುದಿಲ್ಲ. ಆದ್ದರಿಂದ ಕನ್ನಡ ಲಿಪಿಯದೂ ಸೇರಿದಂತೆ ಎಲ್ಲ ರೂಪಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬರೆದು ನಡುವೆ ಪ್ಲಸ್ ಗುರುತು ಹಾಕಬೇಕು. ಆಗ ಎಲ್ಲವೂ ಕೂಡಿ ಗ್ರಾಫ್‌ನಲ್ಲಿ ಒಂದೇ ಗೀಟು ಬರುತ್ತದೆ. ಟೈಪ್ ಮಾಡುವಾಗ ಕೆಳಗೆ ‘ಟಾಪಿಕ್’ ಎಂಬ ಸೂಚನೆ ಕಂಡರೆ ಅದನ್ನೇ ಆರಿಸಿ, ಅದು ಭಾಷೆಗಳನ್ನೂ ಬೆಸೆಯುತ್ತದೆ. ಸ್ಥಳೀಯ ವಿಷಯಗಳಿಗೆ ಎಷ್ಟೋ ಸಲ ಅದು ಸಿಗುವುದಿಲ್ಲ. ಆಗ ಪ್ಲಸ್ಸೇ ಗತಿ.

ಜಾಗಕ್ಕೆ ಕರ್ನಾಟಕವನ್ನು ಆರಿಸಿ. ಬೆಂಗಳೂರಿನ ಅಂಕಿ ಕೆಳಗಿನ ಊರುಗಳ ಪಟ್ಟಿಯಲ್ಲಿರುತ್ತದೆ, ಮೇಲಿನ ಗೀಟು ಇಡೀ ರಾಜ್ಯದ್ದು. ಈ ಎರಡನ್ನು ಕಲಸಿ ‘ಬೆಂಗಳೂರಿಗರು ಹುಡುಕುತ್ತಿದ್ದಾರೆ’ ಎಂದು ತಲೆಬರಹ ಕೊಟ್ಟರೆ ಓದುಗರಿಗೆ ಸುಳ್ಳು ಹೇಳಿದಂತಾಗುತ್ತದೆ.

ಇನ್ನು ಗೀಟಿನ ತುದಿಯಲ್ಲಿ ಕಾಣುವ ಆ 100. ಅದು ಜನರ ಎಣಿಕೆಯಲ್ಲ. ಆರಿಸಿದ ಜಾಗದಲ್ಲಿ, ಆರಿಸಿದ ಅವಧಿಯಲ್ಲಿ, ಒಟ್ಟು ಹುಡುಕಾಟದೊಳಗೆ ಈ ಪದದ ಪಾಲು ಅತಿ ಹೆಚ್ಚಾಗಿದ್ದ ಗಳಿಗೆಗೆ 100 ಕೊಟ್ಟು, ಮಿಕ್ಕದ್ದನ್ನು ಅದಕ್ಕೆ ಹೋಲಿಸಿ ಅಳೆಯುತ್ತಾರೆ. ಊರುಗಳ ಪಟ್ಟಿಯಲ್ಲೂ ಪಾಲು ಅತಿ ಹೆಚ್ಚಿರುವ ಊರಿಗೆ 100. ಅಲ್ಲಿ ಮಂಡ್ಯಕ್ಕೆ 100, ಬೆಂಗಳೂರಿಗೆ 40 ಇದೆ ಎಂದಿಟ್ಟುಕೊಳ್ಳಿ. ಹುಡುಕಿದವರ ಸಂಖ್ಯೆ ಬೆಂಗಳೂರಿನಲ್ಲೇ ಹತ್ತಾರು ಪಟ್ಟು ಜಾಸ್ತಿ ಇರಬಹುದು. ಸೊನ್ನೆ ಬಂದರೂ ಯಾರೂ ಹುಡುಕಿಲ್ಲ ಎಂದಲ್ಲ, ಲೆಕ್ಕಕ್ಕೆ ಸಾಲುವಷ್ಟು ಹುಡುಕಿಲ್ಲ ಎಂದಷ್ಟೇ. ಇದಕ್ಕೆ ಬಳಸುವುದು ಒಟ್ಟು ಹುಡುಕಾಟದ ಒಂದು ಸ್ಯಾಂಪಲ್ ಮಾತ್ರ. ಹಾಗಾಗಿ ಸಣ್ಣ ವಿಷಯಗಳಲ್ಲಿ ಇವತ್ತಿನ ಗೀಟು ನಾಳೆ ತುಸು ಬೇರೆಯಾಗಿ ಕಾಣುತ್ತದೆ. ಮೂರ್ನಾಲ್ಕು ಬೇರೆ ಬೇರೆ ದಿನ ಸಿಎಸ್‌ವಿ (ಅಂಕಿಗಳ ಕಡತ) ಇಳಿಸಿಕೊಂಡು ಸರಾಸರಿ ತೆಗೆದರೆ ನಂಬಬಹುದು.

ಅವಧಿಯ ಆಯ್ಕೆಯೂ ಅಷ್ಟೇ ಮುಖ್ಯ. 7 ದಿನ ಆರಿಸಿದರೆ ಗಂಟೆಗಂಟೆಯ ಲೆಕ್ಕ, 90 ದಿನಕ್ಕೆ ದಿನದ್ದು, 12 ತಿಂಗಳಿಗೆ ವಾರದ್ದು. ಪರಿಷೆಯಂಥ ಕೆಲವೇ ದಿನದ ಸಂಗತಿ ವಾರದ ಲೆಕ್ಕದಲ್ಲಿ ಒಂದೇ ಚುಕ್ಕೆಯಾಗಿ ಮುದುಡುತ್ತದೆ. ಮೊದಲು 5 ವರ್ಷ ಹಾಕಿ ಏರಿಳಿತ ನೋಡಿ, ಆಮೇಲೆ ಪರಿಷೆಯ ಆಸುಪಾಸಿನ 60 ದಿನಗಳನ್ನು ಕೊಟ್ಟು ಹತ್ತಿರದಿಂದ ನೋಡಿ. ‘ಹೋದ ವರ್ಷ ಇದೇ ವಾರ’ ಎಂದು ಹೋಲಿಸಲೇಬೇಡಿ. ಪರಿಷೆ ಕಾರ್ತಿಕದ ಕೊನೆಯ ಸೋಮವಾರಕ್ಕೆ ಕಟ್ಟಿಕೊಂಡಿದೆ. 2023ರಲ್ಲಿ ಅದು ಡಿಸೆಂಬರ್ 11, 2024ರಲ್ಲಿ ನವೆಂಬರ್ 25. ಇಂಗ್ಲಿಷ್ ಕ್ಯಾಲೆಂಡರ್ ಹಿಡಿದು ಹೋಲಿಸಿದರೆ ಒಂದು ವರ್ಷ ಆಸಕ್ತಿ ಪಾತಾಳಕ್ಕಿಳಿಯಿತು ಎಂಬ ತೀರ್ಮಾನ ಬರುತ್ತದೆ, ನಿಜದಲ್ಲಿ ಇಳಿದದ್ದು ಏನೂ ಇರುವುದಿಲ್ಲ. ಪರಿಷೆಯ ಸೋಮವಾರಕ್ಕೆ ಪರಿಷೆಯ ಸೋಮವಾರವನ್ನೇ ಜೋಡಿಸಿ ದಿನ ಎಣಿಸಬೇಕು. ಯುಗಾದಿ, ಗೌರಿ–ಗಣೇಶ, ಕರಗ, ಎಲ್ಲಕ್ಕೂ ಇದೇ ಕ್ರಮ.

ಸಂಬಂಧಿತ ಹುಡುಕಾಟಗಳ ಪಟ್ಟಿಯಲ್ಲಿ ‘ಬ್ರೇಕೌಟ್’ ಎಂದು ಕಂಡರೆ ಏರಿಕೆ 5000 ಶೇಕಡಾ ದಾಟಿದೆ ಎಂದರ್ಥ. ಹತ್ತು ಇದ್ದದ್ದು ಸಾವಿರವಾದರೂ ಆ ಪಟ್ಟ ಸಿಕ್ಕೀತು, ಅದಕ್ಕೇ ಅದನ್ನು ‘ಟಾಪ್’ (ಅತಿ ಹೆಚ್ಚು ಹುಡುಕಿದವುಗಳ) ಪಟ್ಟಿಯೊಂದಿಗೆ ಇಟ್ಟು ನೋಡಬೇಕು. ಯೂಟ್ಯೂಬಿಗೆ ಮಾಡುವವರು ಮೇಲಿನ ‘ವೆಬ್ ಸರ್ಚ್’ ಎಂಬಲ್ಲಿ ‘ಯೂಟ್ಯೂಬ್ ಸರ್ಚ್’ ಆರಿಸಿಕೊಳ್ಳಲಿ. ವೆಬ್‌ನಲ್ಲಿ ದಾರಿ, ಪಾರ್ಕಿಂಗ್, ದಿನಾಂಕ ಕೇಳುವ ಜನ ಯೂಟ್ಯೂಬಿನಲ್ಲಿ ಕೇಳುವುದೇ ಬೇರೆ.

ಎಕ್ಸ್‌ನ (ಹಿಂದಿನ ಟ್ವಿಟರ್) ಟ್ರೆಂಡಿಂಗ್ ಪಟ್ಟಿ ನೆಚ್ಚಿಕೊಳ್ಳುವಂಥದ್ದಲ್ಲ. ಅದು ಒಟ್ಟು ಪ್ರಮಾಣಕ್ಕಿಂತ ದಿಢೀರ್ ಏರಿಕೆಗೆ ಬೆಲೆ ಕೊಡುತ್ತದೆ. ನಟರ ಹುಟ್ಟುಹಬ್ಬದ ದಿನ ಅಭಿಮಾನಿಗಳು ಹೊತ್ತು ಗೊತ್ತು ಮಾಡಿಕೊಂಡು ಒಟ್ಟಿಗೆ ಟ್ಯಾಗ್ ಹಾಕುವುದು ಅದಕ್ಕೇ.

ನಿಜವಾದ ಎಣಿಕೆಯೇ ಬೇಕಿದ್ದರೆ ವಿಕಿಪೀಡಿಯದ ಪೇಜ್‌ವ್ಯೂಸ್ ಇದೆ. ಜುಲೈ 2015ರಿಂದೀಚೆಗೆ ಪ್ರತಿ ಪುಟವನ್ನು ದಿನಕ್ಕೆ ಎಷ್ಟು ಸಲ ತೆರೆದರು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಏಜೆಂಟ್ ಎಂಬಲ್ಲಿ ‘ಯೂಸರ್’ ಇರಲಿ, ಇಲ್ಲವಾದರೆ ತಾವಾಗಿ ಪುಟ ತೆರೆಯುವ ತಂತ್ರಾಂಶಗಳಾದ ಬಾಟ್‌ಗಳೂ ಸೇರಿಕೊಳ್ಳುತ್ತವೆ. ಕನ್ನಡ ಪುಟದ ಜೊತೆಗೆ ಇಂಗ್ಲಿಷ್ ಪುಟವನ್ನೂ ನೋಡಿ. ಟ್ರೆಂಡ್ಸ್‌ನ ಗೀಟು ಏರಿದ ದಿನವೇ ಇಲ್ಲೂ ಏರಿದ್ದರೆ ವಿಡಿಯೊದ ದಿನವನ್ನು ಧೈರ್ಯವಾಗಿ ಗುರುತು ಹಾಕಿಕೊಳ್ಳಬಹುದು.