ತಟ್ಟೆಯಲ್ಲಿ ಸತ್ತದ್ದು ಮೈಯಲ್ಲಿ ಸಾಯಬೇಕೆಂದಿಲ್ಲ

“ಮೇಡಂ, ಇದು ಕ್ಯಾನ್ಸರ್ ಕೋಶಗಳನ್ನ ಎರಡೇ ದಿನದಲ್ಲಿ ಕೊಲ್ಲುತ್ತಂತೆ. ಲ್ಯಾಬ್‌ನಲ್ಲಿ ಸಾಬೀತಾಗಿದೆ ಅಂತ ಬರೆದಿದ್ದಾರೆ, ನೋಡಿ.”

ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕ್ಯಾಪ್ಸೂಲ್ ಡಬ್ಬಿ. ಹುಡುಗನ ತಾಯಿಗೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್. ಬಯಾಪ್ಸಿ ವರದಿಯ ಕೆಳಗೆ ನನ್ನ ಸಹಿ ಇದ್ದದ್ದರಿಂದ ಪೆಥಾಲಜಿ ವಿಭಾಗವನ್ನು ಹುಡುಕಿಕೊಂಡು ಬಂದಿದ್ದ. ಇಂಥವರು ಆಗಾಗ ಬರುತ್ತಲೇ ಇರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆಯೇ. ಸಿಟ್ಟು ಬರುವುದು ‘ಲ್ಯಾಬ್‌ನಲ್ಲಿ ಸಾಬೀತಾಗಿದೆ’ ಎಂಬ ಮಾತನ್ನು ಬಂಡವಾಳ ಮಾಡಿಕೊಂಡವರ ಮೇಲೆ.

ಆ ಮಾತು ಪೂರ್ತಿ ಸುಳ್ಳೂ ಅಲ್ಲ. ತೊಂದರೆ ಇರುವುದೇ ಅಲ್ಲಿ. ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಕ್ಯಾನ್ಸರ್ ಕೋಶಗಳು ಒಂದೇ ಪದರವಾಗಿ ಅಂಟಿಕೊಂಡು ಬೆಳೆಯುತ್ತವೆ. ಮೇಲೆ ಪೋಷಕ ದ್ರವ. ಅದಕ್ಕೆ ಏನೇ ಬೆರೆಸಿದರೂ ಪ್ರತಿಯೊಂದು ಕೋಶಕ್ಕೂ ನೇರವಾಗಿ ತಗಲುತ್ತದೆ. ಉಪ್ಪು ಹೆಚ್ಚಾದರೂ ಆ ಕೋಶಗಳು ಸಾಯುತ್ತವೆ, ಬ್ಲೀಚ್ ಹಾಕಿದರೂ ಸಾಯುತ್ತವೆ. ಸಂಶೋಧನೆ ಅಲ್ಲಿಂದಲೇ ಶುರುವಾಗಬೇಕು, ನಿಜ. ಆದರೆ ತಟ್ಟೆಯಲ್ಲಿ ಗೆದ್ದ ಬಹುಪಾಲು ವಸ್ತುಗಳು ಔಷಧಿಯಾಗುವ ತನಕ ಬರುವುದೇ ಇಲ್ಲ.

ಯಾಕೆ ಎಂದು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಮೇಲು ಅನಿಸಿತು. ಅವನ ತಾಯಿಯ ಸ್ಲೈಡನ್ನೇ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನಮ್ಮದು ಇಬ್ಬರು ಒಟ್ಟಿಗೆ ನೋಡಬಹುದಾದ ಯಂತ್ರ. ಬಣ್ಣ ಹಾಕಿದ ಸ್ಲೈಡಿನಲ್ಲಿ ಕೋಶಕೇಂದ್ರಗಳು ನೇರಳೆಯಾಗಿ, ನಾರು ಗುಲಾಬಿಯಾಗಿ ಕಾಣುತ್ತವೆ. ತುಂಬ ಹೊತ್ತು ನೋಡಿದ. “ಮೇಡಂ, ಇದರಲ್ಲಿ ಕ್ಯಾನ್ಸರ್ ಎಲ್ಲಿದೆ?” ಎಂದ.

ಸರಿಯಾದ ಪ್ರಶ್ನೆ. ಕಣ್ಣಿಗೆ ಬೀಳುವುದೆಲ್ಲ ಅಲೆಅಲೆಯಾಗಿ ಹೆಣೆದುಕೊಂಡ ಗುಲಾಬಿ ನಾರು. ನಡುನಡುವೆ ಅಲ್ಲೊಂದು ಇಲ್ಲೊಂದು ವಕ್ರವಾದ ನೇರಳೆ ಉಂಗುರ. ಆ ಉಂಗುರಗಳಷ್ಟೇ ಕ್ಯಾನ್ಸರ್ ಕೋಶಗಳು. ಈ ಅಂಗದ ಗಡ್ಡೆಗಳಲ್ಲಿ ಹಲವು ಸಲ ಮುಕ್ಕಾಲು ಪಾಲಿಗಿಂತ ಹೆಚ್ಚು ಭಾಗ ಕ್ಯಾನ್ಸರ್ ಕೋಶವೇ ಅಲ್ಲ. ನಾರು ನೇಯುವ ಫೈಬ್ರೊಬ್ಲಾಸ್ಟ್‌ಗಳು, ಹಿಸುಕಿಹೋದ ರಕ್ತನಾಳಗಳು, ರೋಗನಿರೋಧಕ ಕೋಶಗಳು, ಎಲ್ಲ ಅಲ್ಲಿವೆ. ಕೊಲ್ಲಲು ಬಂದ ಟಿ ಕೋಶಗಳು ಅಂಚಿನಲ್ಲೇ ನಿಂತುಬಿಟ್ಟಿರುತ್ತವೆ. ಕಸ ನುಂಗಬೇಕಾದ ಮ್ಯಾಕ್ರೊಫೇಜ್‌ಗಳು ಎಷ್ಟೋ ಸಲ ಗಡ್ಡೆಯ ಬೆಳವಣಿಗೆಗೇ ನೆರವಾಗುತ್ತಿರುತ್ತವೆ. ರಕ್ತನಾಳದಿಂದ ಆಮ್ಲಜನಕ ದಾಟಿ ಹೋಗುವುದೇ 100ರಿಂದ 200 ಮೈಕ್ರೊಮೀಟರ್ ದೂರ, ಅಂದರೆ ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು. ನಾಳಗಳೇ ಹಿಸುಕಿಹೋದ ಕಡೆ ಔಷಧಿಗೂ ದಾರಿ ಕಷ್ಟ. ತಟ್ಟೆಯಲ್ಲಿ ಇದಾವುದೂ ಇರುವುದಿಲ್ಲ.

ದಾರಿಯೊಂದೇ ಅಡ್ಡಿ ಎಂದುಕೊಂಡರೂ ತಪ್ಪಾಗುತ್ತದೆ. ಇರುವ ಜಾಗ ಬದಲಾದರೆ ಕೋಶದ ನಡತೆಯೇ ಬದಲಾಗುತ್ತದೆ. ಇದನ್ನು ಎತ್ತಿ ತೋರಿಸಿದವರಲ್ಲಿ ನನಗೆ ಅಚ್ಚುಮೆಚ್ಚಿನವರು ಮೀನಾ ಬಿಸೆಲ್. ಇರಾನ್‌ನಲ್ಲಿ ಹುಟ್ಟಿ, ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ದಶಕಗಟ್ಟಲೆ ದುಡಿದ ವಿಜ್ಞಾನಿ. ಕೋಳಿಗಳಲ್ಲಿ ಗಡ್ಡೆ ಎಬ್ಬಿಸುವ ರೌಸ್ ಸಾರ್ಕೋಮಾ ವೈರಸ್ ಇದೆಯಲ್ಲ, ಪೇಟನ್ ರೌಸ್‌ಗೆ 1966ರಲ್ಲಿ ನೊಬೆಲ್ ತಂದುಕೊಟ್ಟದ್ದು, ಅದನ್ನು ಬಿಸೆಲ್ ಮತ್ತು ಅವರ ಸಹೋದ್ಯೋಗಿ ಮೊಟ್ಟೆಯೊಳಗಿನ ಎಳೆಯ ಭ್ರೂಣಕ್ಕೆ ಚುಚ್ಚಿದರು. ವೈರಸ್ಸಿನ ಕ್ಯಾನ್ಸರ್ ಜೀನ್ ಕೋಶಗಳಲ್ಲಿ ಕೆಲಸ ಮಾಡುತ್ತಿತ್ತು, ಆದರೂ ಗಡ್ಡೆ ಏಳಲಿಲ್ಲ. ಅದೇ ಕೋಶಗಳನ್ನು ಬಿಡಿಸಿ ತಟ್ಟೆಗೆ ಹಾಕಿದಾಗ ಕ್ಯಾನ್ಸರ್ ಗುಣ ತೋರಿಸಿದವು. 1984ರ ಕೆಲಸ ಇದು. ಜೀನ್ ಕೆಟ್ಟಿತೆಂದರೆ ಕ್ಯಾನ್ಸರ್ ಬಂತೆಂದೇ ಲೆಕ್ಕ ಎನ್ನುತ್ತಿದ್ದ ಆ ಕಾಲದಲ್ಲಿ ಅವರ ಮಾತು ಅನೇಕರ ಕಿವಿಗೆ ಬೀಳಲಿಲ್ಲ.

ಮುಂದೆ ಅವರ ತಂಡ ಸ್ತನದ ಕ್ಯಾನ್ಸರ್ ಕೋಶಗಳನ್ನು ಚಪ್ಪಟೆ ತಟ್ಟೆಯ ಬದಲು ಮೃದುವಾದ ಜೆಲ್‌ನೊಳಗೆ ಬೆಳೆಸಿತು. ಸುತ್ತಲಿನ ಹಂದರವನ್ನು ಕೋಶ ತಡವಿ ತಿಳಿಯುವುದು ಇಂಟೆಗ್ರಿನ್ ಎಂಬ ಪ್ರೊಟೀನಿನಿಂದ. ಅದರ ಒಂದು ಬಗೆಯನ್ನು ಪ್ರತಿಕಾಯದಿಂದ ತಡೆದಾಗ, ಅಡ್ಡಾದಿಡ್ಡಿ ಮುದ್ದೆಯಾಗುತ್ತಿದ್ದ ಕೋಶಗಳು ಶಿಸ್ತಾದ ಪುಟ್ಟ ಉಂಡೆಗಳಾಗಿ ಕೂತವು. ಜೀನ್‌ಗಳ ದೋಷ ಮಾತ್ರ ಹಾಗೆಯೇ ಇತ್ತು. 1997ರಲ್ಲಿ ಇದು ಪ್ರಕಟವಾಯಿತು.

ಇಷ್ಟು ಹೇಳಿದರೆ ಕೆಲವರು ತಕ್ಷಣ ಇನ್ನೊಂದು ದಡಕ್ಕೆ ಹಾರುತ್ತಾರೆ: “ಹಾಗಾದ್ರೆ ಆ ನಾರನ್ನೇ ಕರಗಿಸಿಬಿಟ್ಟರೆ?” ಅದನ್ನೂ ಮಾಡಿ ನೋಡಿದ್ದಾಗಿದೆ. ಮೇದೋಜ್ಜೀರಕ ಗಡ್ಡೆಯ ನಾರನ್ನು ತಗ್ಗಿಸುವ ಔಷಧಿ ಕೊಟ್ಟಾಗ ಇಲಿಗಳ ಗಡ್ಡೆಯೊಳಗೆ ಕಿಮೋ ಚೆನ್ನಾಗಿ ಇಳಿಯಿತು, ಅವು ಹೆಚ್ಚು ದಿನ ಬದುಕಿದವು. 2009ರಲ್ಲಿ ಆ ಫಲಿತಾಂಶ ಓದಿ ನಾವೆಲ್ಲ ಹಿಗ್ಗಿದ್ದೆವು. ಮನುಷ್ಯರಲ್ಲಿ ಪರೀಕ್ಷಿಸಿದಾಗ, ಆ ಬಗೆಯ ಔಷಧಿ ಪಡೆದವರ ಸ್ಥಿತಿ ಪಡೆಯದವರಿಗಿಂತ ಕೆಟ್ಟದಾಗಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಆ ನಾರು ಔಷಧಿಗೆ ಅಡ್ಡ ನಿಲ್ಲುವ ಹಾಗೆಯೇ ಕ್ಯಾನ್ಸರನ್ನೂ ಒಂದಷ್ಟು ಕಟ್ಟಿಹಾಕಿರುತ್ತದೆ ಎಂಬುದಕ್ಕೆ 2014ರಲ್ಲಿ ಇಲಿಗಳಲ್ಲಿ ಪುರಾವೆ ಸಿಕ್ಕಿತು. ಅಷ್ಟೆಲ್ಲ ಕಲಿತವರು ವರ್ಷಗಟ್ಟಲೆ ಲೆಕ್ಕ ಹಾಕಿ ಇಟ್ಟ ಹೆಜ್ಜೆಯೇ ತಪ್ಪಿದ ಜಾಗ ಇದು. ಇಂಥ ಕಡೆ ಡಬ್ಬಿಯ ಮೇಲಿನ ಬರಹ ನಂಬಿ ಹೇಗೆ ಕೈ ಹಾಕುವುದು?

ಹುಡುಗ ಕಣ್ಣು ಮೇಲೆತ್ತಲೇ ಇಲ್ಲ. ಸ್ಲೈಡನ್ನು ತಾನೇ ಸರಿಸುತ್ತ ನೇರಳೆ ಉಂಗುರಗಳನ್ನು ಹುಡುಕುತ್ತಿದ್ದ. “ಹಾಗಾದ್ರೆ ಇದನ್ನ ಕೊಡಬಾರದಾ ಮೇಡಂ?”

ಚಿಕಿತ್ಸೆಯ ತೀರ್ಮಾನ ನನ್ನದಲ್ಲ, ಅದು ಅವನ ತಾಯಿಯನ್ನು ನೋಡುತ್ತಿರುವ ಕ್ಯಾನ್ಸರ್ ತಜ್ಞರದು. ಆದರೆ ಅವರಿಗೆ ಹೇಳದೆ ಯಾವ ಕ್ಯಾಪ್ಸೂಲನ್ನೂ ಕೊಡಬೇಡಿ ಎಂದೆ. ಇಂಥವುಗಳಲ್ಲಿ ಕೆಲವು ಲಿವರಿಗೆ ಪೆಟ್ಟು ಕೊಡುತ್ತವೆ, ಕೆಲವು ಕಿಮೋ ಔಷಧಿಯ ಪ್ರಮಾಣವನ್ನೇ ಏರುಪೇರು ಮಾಡುತ್ತವೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, “ಅಮ್ಮ ನಾಲ್ಕು ದಿನದಿಂದ ತಗೊಳ್ತಿದ್ದಾರೆ. ನಾಡಿದ್ದು ಕಿಮೋ ಇದೆ” ಎಂದ.

ಡಬ್ಬಿಯನ್ನು ಈಚೆ ತೆಗೆದುಕೊಂಡು, ತಜ್ಞರ ಕೊಠಡಿಗೆ ಫೋನ್ ಮಾಡಿದೆ. ಅಂದೇ ರಕ್ತ ತೆಗೆದು ಲಿವರ್ ಪರೀಕ್ಷೆಗೆ ಕಳಿಸಿದರು.