ಬಿರುಕಿನ ಮೇಲೊಂದು ಗಾಜಿನ ಎಳೆ

ನವಲಗುಂದದ ನಮ್ಮ ಕಾಕಾನ ಮನೆಯ ಪಡಸಾಲೆ ಗೋಡೆ ಬಿರುಕು ಬಿಟ್ಟಾಗ ಗೌಂಡಿ ಬಂದು ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ಗಾಜಿನ ಚೂರೊಂದನ್ನು ಸಿಮೆಂಟು ಹಚ್ಚಿ ಕೂಡಿಸಿದ. "ಇದು ಒಡೀತಂದ್ರ ಗ್ವಾಡಿ ಇನ್ನಾ ಸರ್ಯಾಕತ್ತೈತಿ ಅಂತ ತಿಳ್ಕೋರಿ, ಯಜಮಾನ್ರ" ಅಂದ. ಬೇಸಿಗೆ ಮುಗಿಯುವುದರೊಳಗೆ ಗಾಜು ಒಡೆದಿತ್ತು. ಮರುವರ್ಷ ಕೂಡಿಸಿದ್ದೂ ಒಡೆಯಿತು.

ಅದು ಎರೆ ಭೂಮಿ. ಆ ಮಣ್ಣಿನ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಹೊಲವೆಲ್ಲ ಬಾಯಿ ಬಿಡುತ್ತದೆ. ಅದರ ಮೇಲೆ ಕೂತ ಅಡಿಪಾಯವೂ ಏರಿಳಿಯುತ್ತದೆ, ಗೋಡೆಯ ಬಿರುಕು ಅಗಲವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ವರ್ಷವರ್ಷ ಹೋಗಿಬಂದು ಮಾಡುವ ಬಿರುಕು ಬೇರೆ, ವರ್ಷದಿಂದ ವರ್ಷಕ್ಕೆ ಬೆಳೆಯುವ ಬಿರುಕು ಬೇರೆ. ಹೆದರಬೇಕಾದದ್ದು ಎರಡನೆಯದಕ್ಕೆ. ಒಡೆದ ಗಾಜಿಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇದನ್ನು ಹೇಳಬಲ್ಲದ್ದೂ ಗಾಜೇ: ಮನೆಗೆ ಇಂಟರ್‌ನೆಟ್ ತರುವ ಆಪ್ಟಿಕಲ್ ಫೈಬರ್. ಅದರ ಗಾಜಿನ ಎಳೆಯ ದಪ್ಪ 125 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಪಾಲು. ಕಿಟಕಿಯ ಗಾಜು ಸುಲಭವಾಗಿ ಒಡೆಯುವುದು ಅದರ ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳಿಂದ. ಫೈಬರನ್ನು ಎಳೆಯುವಾಗಲೇ ಮೇಲೆ ಪ್ಲಾಸ್ಟಿಕ್ ಲೇಪ ಕೊಡುವುದರಿಂದ ಗೀರು ಬೀಳುವುದಿಲ್ಲ. ನೂರಕ್ಕೆ ಒಂದು ಪಾಲು ಹಿಗ್ಗಿಸಿದರೂ ಅದು ತಡೆಯುತ್ತದೆ.

1978ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಕೆನ್ ಹಿಲ್ ಮತ್ತು ಸಂಗಡಿಗರು ಫೈಬರಿನೊಳಗೆ ಲೇಸರ್ ಬೆಳಕು ಹಾಯಿಸುತ್ತಿದ್ದರು. ಹೊತ್ತು ಹೋದಂತೆ ತಿರುಗಿ ಬರುವ ಬೆಳಕು ಹೆಚ್ಚುತ್ತ ಹೋಯಿತು. ಬೆಳಕು ತಾನಾಗಿಯೇ ಗಾಜಿನ ತಿರುಳಿನಲ್ಲಿ ಗೆರೆಗಳನ್ನು ಬರೆದುಕೊಂಡಿತ್ತು! ಈಗ ಅಂಥ ಗೆರೆಗಳನ್ನು ಬೇಕಾದಲ್ಲಿ ಅಲ್ಟ್ರಾವೈಲೆಟ್ ಬೆಳಕಿನಿಂದ ಬರೆಯುತ್ತಾರೆ. ಇದಕ್ಕೆ ಬ್ರಾಗ್ ಗ್ರೇಟಿಂಗ್ ಎಂದು ಹೆಸರು. ಗೆರೆಯಿಂದ ಗೆರೆಗೆ ಸುಮಾರು ಅರ್ಧ ಮೈಕ್ರೋಮೀಟರ್ ಅಂತರ. ಆ ಅಂತರಕ್ಕೆ ಹೊಂದುವ ಒಂದೇ ತರಂಗಾಂತರದ ಬೆಳಕು ತಿರುಗಿ ಬರುತ್ತದೆ, ಉಳಿದದ್ದು ಮುಂದೆ ಹೋಗುತ್ತದೆ. ಎಳೆ ಹಿಗ್ಗಿದರೆ ಗೆರೆಗಳು ದೂರ ಸರಿಯುತ್ತವೆ, ತಿರುಗಿ ಬರುವ ಬೆಳಕಿನ ತರಂಗಾಂತರವೂ ಹೆಚ್ಚುತ್ತದೆ.

ಹಿಗ್ಗನ್ನು ಅಳೆಯುವುದು ಮೈಕ್ರೋಸ್ಟ್ರೇನಿನಲ್ಲಿ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಹುಬ್ಬಳ್ಳಿ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಈ ತುದಿಯಿಂದ ಆ ತುದಿಯವರೆಗೆ ಒಟ್ಟು ಒಂದೂವರೆ ಮಿಲಿಮೀಟರ್ ಹಿಗ್ಗಿದರೆ ಅದು ಒಂದು ಮೈಕ್ರೋಸ್ಟ್ರೇನ್. ಕಾಂಕ್ರೀಟು ಸುಮಾರು ನೂರು ಮೈಕ್ರೋಸ್ಟ್ರೇನ್ ಎಳೆತಕ್ಕೇ ಸೀಳತೊಡಗುತ್ತದೆ. ಕಣ್ಣಿಗೆ ಬಿರುಕು ಕಾಣುವ ಮೊದಲೇ ಗೊತ್ತಾಗಬೇಕೆಂದರೆ ಇಷ್ಟು ಸಣ್ಣ ಲೆಕ್ಕ ಬೇಕೇ ಬೇಕು.

ಕಾಕಾನ ಗೋಡೆಗೆ ಬರೋಣ. ಗ್ರೇಟಿಂಗ್ ಬರೆದ ಎಳೆಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಪೂರ್ತಿ ಅಂಟಿಸಿದರೆ ಎಳೆತವೆಲ್ಲ ಬಿರುಕಿನ ಬಾಯಲ್ಲೇ ಸೇರಿ ಅದು ಹರಿದುಹೋಗುತ್ತದೆ. ಅದಕ್ಕೆ ಬಿರುಕಿನ ಆಚೆ ಈಚೆ ಅರ್ಧ ಮೀಟರ್ ಅಂತರದಲ್ಲಿ ಎರಡೇ ಕಡೆ ಅಂಟಿಸಿ, ಎಳೆಯನ್ನು ತುಸು ಬಿಗಿಯಾಗಿ ಹಿಡಿಯಬೇಕು. ಬಿರುಕು ಮಿಲಿಮೀಟರಿನ ಹತ್ತನೇ ಒಂದು ಪಾಲು ಅಗಲವಾದರೆ ಎಳೆಗೆ 200 ಮೈಕ್ರೋಸ್ಟ್ರೇನ್ ಹಿಗ್ಗು. ಒಂದು ಮೈಕ್ರೋಸ್ಟ್ರೇನಿಗೆ ತರಂಗಾಂತರ ಸುಮಾರು 1.2 ಪಿಕೋಮೀಟರ್ (ಪಿಕೋಮೀಟರ್ ಅಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಸರಿಯುತ್ತದೆ, ಆದ್ದರಿಂದ ಒಟ್ಟು 240 ಪಿಕೋಮೀಟರ್. ಇದನ್ನು ಓದುವ ಯಂತ್ರಗಳಿವೆ. ಮಳೆಗಾಲದಲ್ಲಿ ಬಿರುಕು ಕೂಡಿದರೆ ಅಂಕಿ ಹಿಂದಕ್ಕೆ ಬರುತ್ತದೆ. ಗೌಂಡಿಯ ಗಾಜಿಗೆ ಆಗದ ಕೆಲಸ ಇದು.

ತೊಡಕು ಇರುವುದು ಬಿಸಿಲಿನಲ್ಲಿ. ಎಳೆ ಒಂದು ಡಿಗ್ರಿ ಬಿಸಿಯಾದರೂ ತರಂಗಾಂತರ ಸುಮಾರು 10 ಪಿಕೋಮೀಟರ್ ಸರಿಯುತ್ತದೆ, ಎಂಟು ಮೈಕ್ರೋಸ್ಟ್ರೇನ್ ಹಿಗ್ಗಿದಂತೆಯೇ ಕಾಣುತ್ತದೆ. ಮುಂಜಾನೆಗೂ ಮಧ್ಯಾಹ್ನಕ್ಕೂ ಗೋಡೆ ಹದಿನೈದು ಡಿಗ್ರಿ ಕಾದರೆ ಲೆಕ್ಕವೇ ಕೆಟ್ಟಿತು. ಹಾಗಾಗಿ ಪಕ್ಕದಲ್ಲೇ ಇನ್ನೊಂದು ಗ್ರೇಟಿಂಗನ್ನು ಎಲ್ಲಿಯೂ ಅಂಟಿಸದೆ ಸಡಿಲವಾಗಿ ಇಡುತ್ತಾರೆ. ಅದಕ್ಕೆ ಬಿಸಿಯಷ್ಟೇ ತಟ್ಟುತ್ತದೆ. ಅದರ ಅಂಕಿಯನ್ನು ಕಳೆದರೆ ಉಳಿಯುವುದು ಹೆಚ್ಚಾಗಿ ಬಿರುಕಿನದು.

ಓದುವ ಯಂತ್ರ ದುಬಾರಿ, ಮನೆಮನೆಗೆ ಹಚ್ಚುವಂಥದ್ದಲ್ಲ. ಸೇತುವೆ, ಅಣೆಕಟ್ಟು, ಗದಗಿನ ಗುಡ್ಡಗಳ ಮೇಲೆ ತಿರುಗುವಂಥ ಗಾಳಿಯಂತ್ರಗಳ ರೆಕ್ಕೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಗಾಜಿನಲ್ಲಿ ವಿದ್ಯುತ್ ಹರಿಯದ್ದರಿಂದ ಗಾಳಿಯಂತ್ರದಲ್ಲಿ ಈ ಎಳೆಗೆ ಸಿಡಿಲಿನ ಭಯವೂ ಕಡಿಮೆ. ಆದರೂ ಎರೆ ಭೂಮಿಯ ಊರೊಂದರಲ್ಲಿ ನಾಲ್ಕು ಮನೆಗಳಿಗಾದರೂ ಯಾವುದಾದರೂ ಕಾಲೇಜಿನವರು ಇದನ್ನು ಕೂಡಿಸಿ ನೋಡಲಿ ಎಂಬುದು ನನ್ನ ಆಸೆ. ಕೂಡಿಸುವುದಾದರೆ ಚೈತ್ರದಲ್ಲಿ ಶುರು ಮಾಡಿ, ಮಳೆಗಾಲ ದಾಟಿಸಿ, ಮುಂದಿನ ಚೈತ್ರದವರೆಗೆ ತೆಗೆಯಬಾರದು.